ಅರ್ಧ ರೊಟ್ಟಿಯ ಅಳು

ಅಳು ಕೇಳಿಸಿತು.

ಮಸಗುಪ್ಪಿಯ ಹೊಲದಲ್ಲಿ ಅರಿಷಿಣದ ಸಾಲುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಕಸ ತೆಗೆಯುತ್ತಿದ್ದ ಶಂಕ್ರವ್ವ ಕುರ್ಪಿಯನ್ನು ಮಣ್ಣಿಗೆ ಚುಚ್ಚಿ ತಲೆಯೆತ್ತಿದಳು. ಗಾಳಿ ಊರ ಕಡೆಯಿಂದ ಬೀಸುತ್ತಿತ್ತು. ಅದರ ಜೊತೆ ಒಂದು ಹೆಣ್ಣುದನಿ ಮೇಲಕ್ಕೇರಿ, ಏರಿದಲ್ಲೇ ಒಡೆದು, ಚೂರಾಗಿ ಕೆಳಗೆ ಬೀಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ. ಅದು ಹಾಡಿಕೊಂಡು ಅಳುವ ಅಳು, ಹೆಣದ ಮುಂದಿನ ಅಳು.

"ಯಾರೋ ಹ್ವಾದ್ರು, ನಂದಾ," ಅಂದಳು.

ಬಾಜೂ ಸಾಲಿನಲ್ಲಿದ್ದ ನಂದಾ ಒಂದು ಗಳಿಗೆ ಕಿವಿಗೊಟ್ಟು ಕೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದಳು.

"ನೀ ಬರ್ತಿಯೇನ?"

"ನೀ ನಡಿಯವ್ವಾ. ಈ ಸಾಲೊಂದ ಮುಗಿಸಿ ಬರ್ತೇನಿ."

ಶಂಕ್ರವ್ವನಿಗೆ ಅದು ಸರಿಕಾಣಲಿಲ್ಲ. ಅಳು ಕಿವಿಗೆ ಬಿದ್ದ ಮೇಲೆ ಕೈಯಲ್ಲಿನ ಕೆಲಸ ಮುಂದುವರಿಸಬಾರದು, ಇದು ಅವಳ ಅಜ್ಜಿಯ ಕಾಲದ ರಿವಾಜು. ಸಾವಿನ ಮನೆಯ ಹೊಸ್ತಿಲಲ್ಲಿ ನಿಂತು ಯಾರು ಸತ್ತರು ಅಂತ ಕೇಳಬಾರದು. ಸೆರಗನ್ನು ಮುಖ ಮುಚ್ಚುವಷ್ಟು ಎಳೆದುಕೊಂಡು, ಅಲ್ಲಿಂದಲೇ ಅಳು ಎತ್ತಿಕೊಂಡು ಒಳಗೆ ಹೋಗಬೇಕು. ಹೆಣದ ಮುಂದೆ ಕೂತ ಮೇಲೆ ಸೆರಗು ಸರಿಸಬೇಕು. ಆಗ ಕಂಡ ಮುಖ ಯಾರದೋ ಅವರು ಸತ್ತವರು.

ಅಳು ಅಣ್ಣಾಸಾಹೇಬರ ಮನೆಯಿಂದ ಬರುತ್ತಿತ್ತು. ಮುಂದೆ ಪೆಂಡಾಲು ಹಾಕಿತ್ತು, ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಇಟ್ಟಿದ್ದರು. ಈಗೀಗ ಮದುವೆಗೂ ಮಣ್ಣಿಗೂ ಅದೇ ಪೆಂಡಾಲು, ಅವೇ ಕುರ್ಚಿ. ಸೆರಗಿನ ಕೆಳಗಿಂದ ಅವಳಿಗೆ ಕಂಡದ್ದು ಕುರ್ಚಿಯ ಕಾಲುಗಳು, ಮಂದಿಯ ಕಾಲುಗಳು ಅಷ್ಟೇ. ಅಣ್ಣಾಸಾಹೇಬರ ತಾಯಿ ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಅವಳೇ ಇರಬೇಕು ಅಂದುಕೊಂಡು ಹೊಸ್ತಿಲಲ್ಲೇ ದನಿ ಎತ್ತಿದಳು.

"ಮನಿಯ ದೀಪಾ ಆರಿ ಹೋತೋ, ಮಾಡದಾಗ ಕತ್ತಲಿ ಕುಂತೈತೋ..."

ಪಡಸಾಲೆಯ ಮಾತೆಲ್ಲ ನಿಂತಿತು. ಅವಳು ಎದೆ ಬಡಿದುಕೊಳ್ಳುತ್ತ ನಡುಮನೆಗೆ ಹೋಗಿ, ಮಂದಿ ಸರಿದು ಕೊಟ್ಟ ಜಾಗದಲ್ಲಿ ಕುಸಿದು ಕೂತಳು. ಕೈ ಚಾಚಿದಳು. ಹೆಣದ ಕಾಲು ಸಿಗಬೇಕಾದಲ್ಲಿ ಕೈಗೆ ಸಿಕ್ಕದ್ದು ಬಣ್ಣ ಬಳಿದ ಕಟ್ಟಿಗೆ.

ಅದು ತೊಟ್ಟಿಲ ಕಾಲು.

ಅಷ್ಟರಲ್ಲಿ ಹೊರಗೆ ಯಾರೋ ದೊಡ್ಡ ಸ್ಪೀಕರ್ ಬಾಕ್ಸಿಗೆ ವಾಯರು ಸಿಕ್ಕಿಸಿದರು. ಅಲ್ಲಿಯವರೆಗೆ ಬರೀ ದನಿ ಇದ್ದ ಅಳು ಈಗ ಮಾತಿನ ಸಮೇತ ಗೋಡೆ ನಡುಗುವಂತೆ ಬಂತು. *ತಾಟಿನ್ಯಾಗ ಅರ್ಧಾ ರೊಟ್ಟಿ ಬಿಟ್ಟು ಎಲ್ಲಿಗ್ ಹ್ವಾದ್ಯೋ ನನ್ನ ದೊರಿ, ಬ್ಯಾಡಾದ್ರ ನಾಯಿಗೆ ಹಾಕು ಅಂದ್ನೆಲ್ಲೋ ನಾ.* ಆಮೇಲೆ ಒಂದು ನಾಯಿ ಎರಡು ಸಲ ಬೊಗಳಿತು. ಡ್ರಮ್ಮು ಶುರುವಾಯಿತು. ಪೆಂಡಾಲಿನ ಕೆಳಗಿನ ಹುಡುಗರು ಕೈ ಮೇಲೆತ್ತಿ ಕುಣಿಯತೊಡಗಿದರು.

ದನಿಯಿಂದ ಅವಳಿಗೆ ಗುರುತು ಹತ್ತಿರಲಿಲ್ಲ. ತನ್ನ ಅಳು ತನಗೆ ಎಂದಾದರೂ ಕೇಳಿಸುತ್ತದೆಯೇ? ರೊಟ್ಟಿಯಿಂದ ಗುರುತು ಹತ್ತಿತು.

ಸೆರಗು ಸರಿಸಿದಳು. ಎದುರಿಗೆ ಅಣ್ಣಾಸಾಹೇಬರ ಸೊಸೆ ದಾನೇಶ್ವರಿ, ಹದಿಮೂರು ದಿನದ ಬಾಣಂತಿ, ಹಸಿರು ಬಳೆಯ ಕೈಯಲ್ಲಿ ಕೂಸನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒತ್ತಿ ನಿಂತಿದ್ದಳು. ಇನ್ನೂ ಹೆಸರಿಡದ ಕೂಸು, ಅಂದೇ ತೊಟ್ಟಿಲಿಗೆ ಹಾಕುವ ದಿನ. ಅದರ ತೊಟ್ಟಿಲಿನ ಮುಂದೆ ಶಂಕ್ರವ್ವ ಹೆಣದ ಅಳು ಅತ್ತಿದ್ದಳು.

"ಈಕೀನ ಯಾರ ಕರದ್ರು?" ಅಣ್ಣಾಸಾಹೇಬರ ದನಿ ಸಣ್ಣಗಿತ್ತು.

"ಡಿಜೆ ಜೋಡಿ ಹಾಡಾಕೀನೂ ಬಂದಾಳ್ರಿ, ಲೈವ್," ಅಂದ ಬಾಗಿಲಲ್ಲಿ ನಿಂತ ಒಬ್ಬ. ಹುಡುಗರು ನಕ್ಕರು. ಹೆಂಗಸರು ನಗಲಿಲ್ಲ. ಒಬ್ಬಾಕೆ ಉಪ್ಪು ಮೆಣಸಿನಕಾಯಿ ತಂದು ಕೂಸಿಗೆ ದೃಷ್ಟಿ ಇಳಿ ತೆಗೆದು ಒಲೆಗೆ ಹಾಕಿದಳು. ಇನ್ನೊಬ್ಬಾಕೆ ಶಂಕ್ರವ್ವನ ರಟ್ಟೆ ಹಿಡಿದು ಎಬ್ಬಿಸಿದಳು. ಅವಳು ನಡೆದು ಹೋದ ನೆಲದ ಮೇಲೆ, ಅವಳ ಬೆನ್ನ ಹಿಂದೆಯೇ, ಸೆಗಣಿ ನೀರು ಚೆಲ್ಲುತ್ತ ಬಂದರು. ನಾಲ್ಕೈದು ಫೋನುಗಳು ಅವಳ ಮುಖದ ಕಡೆಗೆ ಎದ್ದಿದ್ದವು.

ಪೆಂಡಾಲಿನ ಮೂಲೆಯಲ್ಲಿ ಸೌಂಡಿನ ಮೇಜಿನ ಹಿಂದೆ ಅವಳ ಮಗ ಮಹಾಂತೇಶ ಕೂತಿದ್ದ. ತಾಯಿಯನ್ನು ನೋಡಿದ. ಹಾಡು ನಿಲ್ಲಿಸಲು ಒಂದು ಬೆರಳು ಸಾಕಿತ್ತು. ಹುಡುಗರು ಕುಣಿಯುತ್ತಿದ್ದರು. ಅವನು ಬಗ್ಗಿ ಯಾವುದೋ ವಾಯರು ಹುಡುಕತೊಡಗಿದ.

ಹೊಲದಲ್ಲಿ ನಂದಾ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ನಗು ಮುಚ್ಚಲು ಅಂತ ಶಂಕ್ರವ್ವನಿಗೆ ದಾರಿಯಲ್ಲಿ ತಿಳಿಯಿತು.

ಶಂಕ್ರವ್ವ ಗೋಕಾಕ ತಾಲೂಕಿನ ಮಮದಾಪುರದ ಮಗಳು. ಇಬ್ಬರೇ ಹೆಣ್ಣುಮಕ್ಕಳು. ಹಿರಿಯಳು ಸಾವಿತ್ರವ್ವನನ್ನು ಹುಕ್ಕೇರಿ ಕಡೆಯ ಘೋಡಗೇರಿಗೆ ಕೊಟ್ಟರು, ಕಿರಿಯಳನ್ನು ಮಸಗುಪ್ಪಿಗೆ. ಅಳುವುದನ್ನು ಕಲಿಸಿದ್ದು ಅಜ್ಜಿ. "ಮೊದಲ ಹೆಣದ ಕಾಲ ನೋಡು," ಅನ್ನುತ್ತಿದ್ದಳು ಅಜ್ಜಿ. "ಮಾರಿಗೆ ವಿಭೂತಿ ಬಳದಿರ್ತಾರ, ಅದು ಸುಳ್ಳ ಹೇಳ್ತೈತಿ. ಕಾಲ ಹೇಳಂಗಿಲ್ಲ. ಆಮ್ಯಾಲ ಗ್ವಾಡಿ ಗೂಟ ನೋಡು, ಒಲಿ ನೋಡು. ಕಂಡದ್ದನ್ನಷ್ಟ ಅಳು. ಕಾಣದ್ದನ್ನ ಅತ್ತರ ಅದು ನಾಟಕ."

ಶಂಕ್ರವ್ವ ಹಾಗೇ ಅತ್ತಳು, ನಾಲ್ವತ್ತು ವರ್ಷ. ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಹನ್ನೊಂದು ವರ್ಷ ಹೆಂಡತಿಯ ಜೊತೆ ಮಾತು ಬಿಟ್ಟಿದ್ದವನ ಹೆಣದ ಮುಂದೆ ಆ ಹನ್ನೊಂದು ವರ್ಷವನ್ನು ಅತ್ತಳು. ಉಪ್ಪು ಬೇಕಾದರೆ ಅವನು ತಾಟು ಬಡಿಯುತ್ತಿದ್ದುದನ್ನೂ ಬಿಡಲಿಲ್ಲ. ಮಕ್ಕಳು ತಲೆ ತಗ್ಗಿಸಿ ಕೂತರು. ಬೆಳಗಿನಿಂದ ಕಲ್ಲಾಗಿದ್ದ ಹೆಂಡತಿ ಆಗ ಅತ್ತಳು. ಮರುದಿನ ಒಂದು ಬುಟ್ಟಿ ಬದನೆಕಾಯಿ ಕಳಿಸಿಕೊಟ್ಟಳು. ಯಾರೂ ಜಗಳಕ್ಕೆ ಬರಲಿಲ್ಲ. ಹೆಣದ ಮುಂದಿನ ಮಾತಿಗೆ ಹಗೆ ಇಲ್ಲ ಅನ್ನುವುದು ಆ ಸೀಮೆಯಲ್ಲಿ ಎಲ್ಲರೂ ಒಪ್ಪಿದ ಮಾತು. ಬದುಕಿದ್ದಾಗ ಯಾರೂ ಆಡಲಾಗದ್ದನ್ನು ಅಲ್ಲಿ ಆಡಬಹುದು, ಆಡಿದ್ದನ್ನು ಮಣ್ಣು ಕೊಟ್ಟು ಬಂದ ಮೇಲೆ ಯಾರೂ ಎತ್ತುವಂತಿಲ್ಲ.

ಮಧ್ಯಾಹ್ನ ಟೀವಿ ಧಾರಾವಾಹಿ ನೋಡಿ ಕಣ್ಣೊರೆಸಿಕೊಳ್ಳುವ ಹೆಂಗಸರೂ ಶಂಕ್ರವ್ವ ಅಳುತ್ತಾಳೆ ಅಂದರೆ ಎದ್ದು ಬರುತ್ತಿದ್ದರು. "ಟೀವಿ ಮುಂದ ಅತ್ತದ್ದು ಚಾ ಕುಡಿಯೂದ್ರಾಗ ಒಣಗತೈತಿ," ಅಂತ ಒಬ್ಬ ಮುದುಕಿ ಹೇಳಿದ್ದಳು. "ಈಕಿ ಜೋಡಿ ಅತ್ತರ ಹೊಟ್ಟಿ ತುಂಬಿ ಉಂಡಂಗ ಆಕ್ಕೈತಿ."

ಎರಡು ವರ್ಷದ ಹಿಂದೆ ಅವಳ ಗಂಡ ಲಗಮಪ್ಪ ಸತ್ತ. ಆ ದಿನ ಮಧ್ಯಾಹ್ನ ಊಟಕ್ಕೆ ಕೂತವನು ಚಟ್ನಿ ಖಾರ ಅಂತ ತಕರಾರು ತೆಗೆದ. ಮಾತಿಗೆ ಮಾತು ಬೆಳೆಯಿತು. ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದ. "ಬ್ಯಾಡಾದ್ರ ನಾಯಿಗೆ ಹಾಕು," ಅಂದಳು ಅವನ ಬೆನ್ನಿಗೆ. ಅವನು ಮೋಟರು ಚಾಲೂ ಮಾಡಲು ಹೋಗಿ ಬಾವಿಯ ಕಟ್ಟೆಯ ಮೇಲೆ ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ನೊಣ ಮುತ್ತಿದ ರೊಟ್ಟಿ ತಾಟಿನಲ್ಲಿ ಹಾಗೇ ಇರುವಾಗ ಹೆಣ ಮನೆಗೆ ಬಂತು. ಶಂಕ್ರವ್ವ ಕಂಡದ್ದನ್ನಷ್ಟೇ ಅತ್ತಳು. ತನ್ನ ತಪ್ಪನ್ನು ಊರ ಮುಂದೆ ಒಪ್ಪಿಕೊಳ್ಳಲು ಅವಳಿಗಿದ್ದ ಜಾಗ ಅದೊಂದೇ.

ಮಹಾಂತೇಶ ಸಂಜೆ ಮನೆಗೆ ಬಂದ. ಮೂಡಲಗಿಯಲ್ಲಿ ಖೋಲಿ ಹಿಡಿದು ಸೌಂಡ್ ಸಿಸ್ಟಂ ಇಟ್ಟುಕೊಂಡಿದ್ದ ಅವನು ಊರಿಗೆ ಬರುವುದು ಅಪರೂಪ. ಬಾಗಿಲಲ್ಲೇ ಚಪ್ಪಲಿ ಬಿಡುತ್ತ ನಕ್ಕ. ಅದು ಹೆದರಿದವನ ನಗು.

"ಯಾವಾಗ ರೆಕಾರ್ಡ ಮಾಡಿದಿ?" ಕೇಳಿದಳು.

"ಅಪ್ಪ ಸತ್ತ ದಿನ. ನೆನಪಿಗಿರ್ಲಿ ಅಂತ ಮಾಡಿದ್ದೆ ಅವ್ವಾ, ಖರೆ ಹೇಳ್ತೇನಿ."

"ನಾಯಿ ಯಾವಾಗ ಬಂತು?"

ಅವನು ನೆಲ ನೋಡಿದ. "ಮಿಕ್ಸ್ ಮಾಡುವಾಗ ಅಂಥಾದ್ದು ಏನರ ಹಾಕಬೇಕಾಕ್ಕೈತಿ. ಇಲ್ಲಂದ್ರ ಹುಡುಗರು ಕೇಳಂಗಿಲ್ಲ."

"ತಗದ ಹಾಕು."

"ನಾ ತಗದ್ರ ಏನಾತು? ಎಲ್ಲಾರ ಫೋನಿನ್ಯಾಗೂ ಐತಿ. ಕ್ರಿಕೆಟಿನ್ಯಾಗ ಔಟ್ ಆದ್ರ ಇದನ್ನ ಹಚ್ತಾರ. ಪರೀಕ್ಷಾ ಫೇಲ್ ಆದ್ರ ಇದ. ಇಪ್ಪತ್ತ ಲಕ್ಷ ಮಂದಿ ಕೇಳ್ಯಾರ ನಿನ್ನ. ಗೋಕಾಕದ ಯಾವ ಸಿಂಗರಗೂ ಅಷ್ಟ ಇಲ್ಲ."

"ಇಪ್ಪತ್ತ ಲಕ್ಷದಾಗ ಅತ್ತಾವ್ರ ಎಷ್ಟ ಮಂದಿ?"

"ನಗ್ತಾರ ಅವ್ವಾ. ನಗಸೂದೂ ಸಣ್ಣ ಕೆಲಸ ಅಲ್ಲ." ಈಗ ಅವನಿಗೆ ಧೈರ್ಯ ಬಂದಿತ್ತು. "ನೀನ ಹೇಳ್ತಿದ್ದೆಲ್ಲ, ಹೆಣದ ಮುಂದಿನ ಮಾತಿಗೆ ಹಗಿ ಇಲ್ಲಂತ. ಮತ್ತ ನನ್ನ ಮ್ಯಾಲ ಯಾಕ ಸಿಟ್ಟು?"



"ಹೆಣ ತಗದ ಬಿಟ್ಟೆಲ್ಲೋ," ಅಂದಳು. "ಹೆಣ ತಗದು ಬರೇ ಮಾತ ಇಟ್ಟಿ."

ಅವನಿಗೆ ಅರ್ಥವಾಗಲಿಲ್ಲ. ಹೋಗುವಾಗ ಹೊಸ ಸೀರೆಯ ಪಾಕೀಟು ಕಟ್ಟೆಯ ಮೇಲಿಟ್ಟು ಹೋದ.

ಮೂರನೆಯ ದಿನ ದಾನೇಶ್ವರಿಯ ಕೂಸಿಗೆ ಜ್ವರ ಬಂತು. ಶಂಕ್ರವ್ವನ ಬಾಯಿಯೇ ಕಾರಣ ಅಂತ ಊರು ಹೇಳಿತು. ಐದನೆಯ ದಿನ ಜ್ವರ ಬಿಟ್ಟಿತು. ಆಗ ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ತೊಟ್ಟಿಲಿನ ಮುಂದೆ ಅವಳು ಅತ್ತದ್ದು, ಸೆಗಣಿ ನೀರು ಚೆಲ್ಲಿಸಿಕೊಂಡು ಹೊರಬಂದದ್ದು ಇನ್ನೊಂದು ವಿಡಿಯೋ ಆಗಿ ಮೊದಲಿನದಕ್ಕಿಂತ ಜೋರಾಗಿ ಓಡಿತು.

ಆಮೇಲೆ ತವರೂರು ಮಮದಾಪುರದಲ್ಲಿ ಒಬ್ಬ ಮುದುಕ ಸತ್ತಾಗ ಹೋದಳು. ಕಾಲು ನೋಡಿದಳು. ಹಿಮ್ಮಡಿಯ ಬಿರುಕಿನಲ್ಲಿ ಕರಿಮಣ್ಣು ಇನ್ನೂ ಇತ್ತು. ಅಲ್ಲಿಂದ ಶುರು ಮಾಡಿದಳು. ಎರಡನೆಯ ಸಾಲಿಗೆ ದನಿ ಏರಿತು, ಒಡೆಯಿತು. ಆ ಒಡೆದ ಜಾಗದಲ್ಲಿ, ಹಿಂದಿನಿಂದ ಯಾರೋ ಸಣ್ಣಗೆ ಎರಡು ಸಲ ಬೊಗಳಿದರು. ಸತ್ತವನ ಹಿರಿಯ ಮಗ ತುಟಿ ಕಚ್ಚಿ ಹಿಡಿದ. ಅವನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆ ಅಂತ ಅವಳು ನಂಬಲು ನೋಡಿದಳು. ಆಗಲಿಲ್ಲ. ಎದ್ದು ಬಂದಳು. ಅಲ್ಲಿಂದೀಚೆಗೆ ಯಾರೂ ಕರೆಯಲಿಲ್ಲ. ಅದನ್ನೂ ಸಹಿಸಿಕೊಂಡಳು. ಸಹಿಸಲಾಗದ್ದು ಒಂದೇ ಇತ್ತು. ಅಕ್ಕನಿಗೆ ಕೊಟ್ಟ ಮಾತು.

ಸಾವಿತ್ರವ್ವನಿಗೆ ಮೂವರು ಹೆಣ್ಣುಮಕ್ಕಳಾದ ಮೇಲೆ ನಾಲ್ಕನೆಯದೂ ಹೆಣ್ಣು. ಹತ್ತನೆಯ ದಿನ ಕೂಸಿಗೆ ಉಸಿರು ಕಟ್ಟತೊಡಗಿತು. ಹುಕ್ಕೇರಿಯ ದವಾಖಾನೆಗೆ ಒಯ್ಯಲು ಗಾಡಿ ಹೂಡು ಅಂತ ಗಂಡನ ಕಾಲು ಹಿಡಿದಳು. "ಇದಕ್ಕ ಎತ್ತ ಯಾಕ ದಣಿಸೂದು," ಅಂದ ಶಿವಪುತ್ರಪ್ಪ. ಎತ್ತುಗಳು ಅಂಗಳದಲ್ಲಿ ಮೆಲುಕು ಹಾಕುತ್ತಲೇ ಇದ್ದವು. ಮರುದಿನ ಕೂಸು ಹೋಯಿತು. ತೊಟ್ಟಿಲಿಗೆ ಹಾಕದ, ಹೆಸರಿಡದ ಕೂಸಿಗೆ ಅಳುವ ಪದ್ಧತಿ ಇಲ್ಲ. ಹಳ್ಳದ ದಂಡೆಯ ಬೇವಿನ ಬುಡದಲ್ಲಿ ಹುಗಿದು ಬಂದರು. ಅತ್ತೆ ಸಾವಿತ್ರವ್ವನ ಬಾಯಿಗೆ ಕೈ ಅಡ್ಡ ಹಿಡಿದಳು.

ಆದರೆ ಸಾವಿತ್ರವ್ವ ಮನಸ್ಸಿನಲ್ಲೇ ಹೆಸರಿಟ್ಟಿದ್ದಳು. ಆ ಹೆಸರು ಅವಳಿಗೆ ಗೊತ್ತಿತ್ತು, ತಂಗಿಗೆ ಗೊತ್ತಿತ್ತು. ಮೂರನೆಯವರಿಗೆ ಗೊತ್ತಿರಲಿಲ್ಲ.

"ನಾ ಸತ್ತ ದಿನ ಅದರ ಹೆಸರ ತಗೊಂಡು ಅಳು," ಅಂದಿದ್ದಳು. "ಎತ್ತಿನ ಮಾತೂ ಅಳು. ಅವನ ಕಿವಿಗೆ ಬೀಳಬೇಕು, ಎಲ್ಲಾರ ಕಿವಿಗೂ ಬೀಳಬೇಕು. ನನ್ನ ಹೆಣದ ಮುಂದ ಅಂದ್ರ ಯಾರೂ ನಿನಗೇನೂ ಅನ್ನಂಗಿಲ್ಲ." ಶಂಕ್ರವ್ವ ಅಕ್ಕನ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟಿದ್ದಳು. ಮೂವತ್ತೊಂದು ವರ್ಷದಲ್ಲಿ ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಶ್ರಾವಣ ಕಳೆದು ಎಂಟು ದಿನಕ್ಕೆ ಬೆಳಿಗ್ಗೆ ಅಕ್ಕ ಹೋದಳು ಅಂತ ಫೋನು ಬಂತು. ಗೋಕಾಕದಲ್ಲಿ ಬಸ್ಸು ಬದಲಿಸಿ ಘೋಡಗೇರಿ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ದಾರಿಯುದ್ದಕ್ಕೂ ಒಂದೊಂದು ಸಾಲನ್ನು ಬಾಯೊಳಗೇ ಅಂದುಕೊಂಡು ಬಂದಿದ್ದಳು. ಮೊದಲು ಎತ್ತು, ಆಮೇಲೆ ಬೇವು, ಕೊನೆಗೆ ಹೆಸರು.

ಅಕ್ಕನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಸರ. ಶಂಕ್ರವ್ವ ಹೊಸ್ತಿಲಲ್ಲಿ ಸೆರಗು ಎಳೆದುಕೊಂಡಳು. ಒಳಗಿನ ಭಜನೆ ತಾನಾಗಿ ನಿಂತಿತು. ಮಂದಿ ಜಾಗ ಕೊಟ್ಟರು, ಮುಂಚಿನ ಹಾಗೆಯೇ. ಅಕ್ಕನ ಮುಂದೆ ಕೂತು ಸೆರಗು ಸರಿಸಿದಳು. ಕಾಲು ನೋಡಿದಳು. ಬಲಗಾಲಿನ ಕಿರುಬೆರಳು ಚಿಕ್ಕಂದಿನಲ್ಲಿ ಒಳಕಲ್ಲಿನ ಗುಂಡು ಬಿದ್ದು ಸೊಟ್ಟಾಗಿತ್ತು, ಈಗಲೂ ಸೊಟ್ಟಗೇ ಇತ್ತು.

ಎದುರಿಗೆ ಶಿವಪುತ್ರಪ್ಪ ಕೂತಿದ್ದ. ಮುಖದ ರಕ್ತ ಬಸಿದು ಹೋಗಿತ್ತು. ಅವಳ ಬಾಯಿಯನ್ನೇ ನೋಡುತ್ತಿದ್ದ. ಆ ಬಾಯಿಂದ ಏನು ಬರಲಿದೆ ಅಂತ ಅವನಿಗೆ ಗೊತ್ತಿತ್ತು.

ಅವಳು ಉಸಿರು ಎಳೆದುಕೊಂಡಳು.

ಆಗ ಫೋನುಗಳು ಎದ್ದವು. ಒಂದಲ್ಲ, ಎರಡಲ್ಲ. ಕಿಟಕಿಯಲ್ಲಿ ಮೂರು, ಬಾಗಿಲಲ್ಲಿ ಆರೇಳು. ಅಕ್ಕನ ಮೊಮ್ಮಗಳೊಬ್ಬಳು ಕಣ್ಣೀರು ಒರೆಸಿಕೊಳ್ಳುತ್ತಲೇ ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತಿದ್ದಳು. ಎಲ್ಲ ಕರಿಗಾಜುಗಳೂ ಶಂಕ್ರವ್ವನ ಬಾಯಿಗೆ ನೆಟ್ಟಿದ್ದವು. ಹಿಂದೆ ಯಾರೋ, "ಈಗ ಚಾಲೂ ಮಾಡ್ತಾಳ ನೋಡು," ಅಂದರು.

ಆ ಹೆಸರು ಮೂವತ್ತೊಂದು ವರ್ಷ ಅವಳ ಹೊಟ್ಟೆಯಲ್ಲಿತ್ತು. ಈಗ ಬಾಯಿಂದ ಬಿಟ್ಟರೆ ನಾಳೆ ಸಂಜೆಗೆ ಅದರ ಹಿಂದೆ ಒಂದು ನಾಯಿ ಬೊಗಳುತ್ತದೆ, ಇಲ್ಲವೇ ಎತ್ತು ಕೂಗುತ್ತದೆ. ಡ್ರಮ್ಮು ಬೀಳುತ್ತದೆ. ಹನ್ನೊಂದು ದಿನ ಬದುಕಿದ ಕೂಸಿನ ಹೆಸರಿಗೆ ಹುಡುಗರು ಕೈ ಮೇಲೆತ್ತಿ ಕುಣಿಯುತ್ತಾರೆ. ಬಿಡದಿದ್ದರೆ ಅಕ್ಕ ಹೀಗೇ, ಬಾಯಿಗೆ ಅಡ್ಡ ಹಿಡಿದ ಕೈಯ ಸಮೇತ ಮಣ್ಣಿಗೆ ಹೋಗುತ್ತಾಳೆ.

ಅವಳು ಮುಂದಕ್ಕೆ ಬಾಗಿ ಹೂವಿನ ಸರ ಸರಿಮಾಡುವವಳ ಹಾಗೆ ಅಕ್ಕನ ಕಿವಿಗೆ ಬಾಯಿ ಇಟ್ಟಳು. ಆ ಹೆಸರನ್ನು ಒಂದು ಸಲ ಅಂದಳು. ಕೇಳಬೇಕಾದವರು ಯಾರೂ ಕೇಳಲಿಲ್ಲ. ಕೇಳಿದವಳು ಸತ್ತಿದ್ದಳು.

ಹಿಂದಕ್ಕೆ ಸರಿದು ಗೋಡೆಗೆ ಬೆನ್ನು ಕೊಟ್ಟು ಸುಮ್ಮನೆ ಕೂತಳು. ಬಹಳ ಹೊತ್ತು ಕಾದ ಫೋನುಗಳು ಒಂದೊಂದಾಗಿ ಇಳಿದವು.

"ಒಡಹುಟ್ಟಿದ ಅಕ್ಕ. ಒಂದ ಹನಿ ಬರಲಿಲ್ಲ ನೋಡು," ಅಂದಳು ಒಬ್ಬ ಹೆಂಗಸು.

"ಊರ ಹೆಣಕ್ಕೆಲ್ಲಾ ಅತ್ತು ಬತ್ತಿರಬೇಕು," ಅಂದಳು ಇನ್ನೊಬ್ಬಳು.

ಶಿವಪುತ್ರಪ್ಪನ ಮುಖಕ್ಕೆ ರಕ್ತ ತಿರುಗಿ ಬಂತು. ಎದ್ದು ಧೋತರ ಕೊಡವಿಕೊಂಡ. ಹೊರಗೆ ಹೋಗುವಾಗ ಅವಳ ಬಾಜೂ ನಿಂತು, ಅವಳಿಗಷ್ಟೇ ಕೇಳುವಂತೆ, "ಶಾಣ್ಯಾಕಿ ಅದಿ ಬಿಡವ್ವಾ ಶಂಕ್ರವ್ವಾ," ಅಂದ. ಭುಜದ ಮೇಲೆ ಕೈ ಇಟ್ಟು ತಟ್ಟಿದ.

ಮಣ್ಣು ಕೊಟ್ಟು ಬಂದ ಮೇಲೆ ಬೀಗರು ತಂದ ಬುತ್ತಿ ಬಿಚ್ಚಿದರು. ಶಂಕ್ರವ್ವ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಯಾರೋ ತಾಟಿನಲ್ಲಿ ರೊಟ್ಟಿ ಪಲ್ಯ ಹಾಕಿಕೊಟ್ಟರು. ಒಂದು ತುತ್ತು ಮುರಿದಳು. ಅದು ಗಂಟಲಲ್ಲಿ ಇಳಿಯುವುದರೊಳಗೆ ಮಹಾಂತೇಶ ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಬಂದ. ಖಾದಿ ಅಂಗಿ, ಕತ್ತರಿಸಿದ ಕೂದಲು, ಹೆಸರು ಸುಮನ್. ಗೋಕಾಕದಲ್ಲಿ ದೊಡ್ಡ ಕಲಾ ಉತ್ಸವ ನಡೆಸುವವರು ಅಂತ ಹೇಳಿದ. ಅವ್ವನನ್ನು ಹುಡುಕಿಕೊಂಡು ಮಸಗುಪ್ಪಿಗೆ ಹೋಗಿ ಅಲ್ಲಿಂದ ಇಲ್ಲಿಗೆ ಬಂದಿದ್ದಾರೆ ಅಂದ.

ಸುಮನ್ ಕೈಮುಗಿದು ಕಟ್ಟೆಯ ಅಂಚಿನಲ್ಲಿ ಕೂತಳು. ದನಿ ಮೆತ್ತಗಿತ್ತು.

"ಇಂಥಾ ದಿನ ಬಂದದ್ದಕ್ಕ ಕ್ಷಮಾ ಮಾಡ್ರಿ ಅವ್ವಾರ. ನಿಮ್ಮ ಅಳುವನ್ನ ಡಿಜೆ ಹಚ್ಚಿ ಕೆಡಿಸ್ಯಾರ. ನಾವು ಅದಕ್ಕ ಮರ್ಯಾದಿ ಕೊಡಬೇಕಂತ ಮಾಡೇವಿ."

ಶಂಕ್ರವ್ವ ಮೊದಲ ಸಲ ಅವಳ ಮುಖ ನೋಡಿದಳು.

"ನಮ್ಮ ಕಲಾವಿದರು ಒಂದು ತಾಟ ಮಾಡ್ಯಾರ್ರಿ, ಕಬ್ಬಿಣದ್ದು. ಇಷ್ಟ ದೊಡ್ಡದು, ಹತ್ತ ಫೂಟ. ಅದರಾಗ ಅರ್ಧಾ ರೊಟ್ಟಿ, ಅದೂ ಕಬ್ಬಿಣದ್ದ. ಹಿಂದ ಕಪ್ಪ ಪರದೆ. ನೀವು ಮುಂದ ಕುಂತು ಅಳಬೇಕ್ರಿ. ಹಾರ್ಮೋನಿಯಂ ಇಲ್ಲ, ಡ್ರಮ್ ಇಲ್ಲ. ಬರೇ ನಿಮ್ಮ ದನಿ. ಬೆಂಗಳೂರು, ಪುಣೆಯಿಂದ ಮಂದಿ ಬರ್ತಾರ."

"ಯಾರ ಸತ್ತಾರ ಅಲ್ಲಿ?" ಕೇಳಿದಳು ಶಂಕ್ರವ್ವ.

ಸುಮನ್ ನಕ್ಕಳು, ಮತ್ತೆ ನಗು ತಡೆದುಕೊಂಡಳು. "ಯಾರೂ ಇಲ್ರಿ. ಅದೊಂದು ಸಾಂಕೇತಿಕ."

"ಆ ರೊಟ್ಟಿ ಯಾರು ತಿಂತಾರ?"

"ಅದು ತಿನ್ನೂದಲ್ರಿ ಅವ್ವಾರ. ನೋಡೂದು."

ಶಂಕ್ರವ್ವ ತನ್ನ ತಾಟಿನ ಕಡೆಗೆ ನೋಡಿದಳು. ಸುಮನ್‌ಳ ಕಣ್ಣೂ ಅಲ್ಲಿಗೇ ಹೋಗಿತ್ತು. ತಾಟಿನಲ್ಲಿ ರೊಟ್ಟಿ ಅರ್ಧ ಮುರಿದು ಬಿದ್ದಿತ್ತು. ಮಹಾಂತೇಶನ ಕೈ ಮೆಲ್ಲಗೆ ಅಂಗಿಯ ಕಿಸೆಗೆ, ಫೋನಿನ ಕಡೆಗೆ ಹೋಗುತ್ತಿತ್ತು.

"ಇವತ್ತ ನೀವು ಅಳಲಿಲ್ಲಂತ ಒಳಗ ಎಲ್ಲಾರೂ ಏನೇನರ ಅನ್ನಾಕತ್ತಿದ್ರು," ಅಂದಳು ಸುಮನ್, ಇನ್ನೂ ಮೆತ್ತಗೆ. "ನನಗ ಹಂಗ ಅನಸಲಿಲ್ಲ. ಇಲ್ಲಿ ಚೆಲ್ಲೂದು ಬ್ಯಾಡಂತ ಉಳಿಸಿಟ್ಟೀರಿ, ಹೌದಲ್ರಿ? ಅದನ್ನ ಅಲ್ಲಿ..."

ಶಂಕ್ರವ್ವ ರೊಟ್ಟಿಯ ಚೂರನ್ನೂ ಬಿಡದೆ ತೆಗೆದು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಬರಿದಾದ ತಾಟನ್ನು ಬೋರಲು ಮಾಡಿ ಕಟ್ಟೆಯ ಮೇಲಿಟ್ಟಳು. ಮೊಣಕಾಲಿಗೆ ಕೈ ಕೊಟ್ಟು ಎದ್ದಳು.

"ದಿನಾಂಕ ನಿಮಗ ಅನುಕೂಲ ಆದಾಗ ಇಟ್ಟರಾತ್ರಿ. ಗಾಡಿ ನಾವ ಕಳಸ್ತೇವಿ, ಮನಿ ಬಾಗಿಲಿಗೆ..."

ಗಾಡಿ ಅನ್ನುವ ಮಾತಿಗೆ ಅವಳ ಹೆಜ್ಜೆ ಒಂದು ಗಳಿಗೆ ತಡೆಯಿತು. ಆಮೇಲೆ ಅಂಗಳ ದಾಟಿದಳು. ಹಿತ್ತಲ ಬದಿಯ ಕಾಲುದಾರಿ ಹಿಡಿದು, ಕಬ್ಬಿನ ಬದುವಿನ ಮೇಲೆ, ಹಳ್ಳದ ದಂಡೆಯ ಬೇವಿನ ಕಡೆಗೆ ನಡೆದಳು.

"ಅವ್ವಾ," ಮಹಾಂತೇಶ ಕೂಗಿದ. "ಅವ್ರ ಮಾತಾಡಾಕತ್ತಾರ, ಎಲ್ಲಿ ಹೊಂಟಿ? ಅವ್ವಾ, ಹೂಂ ಅಂತರ ಹೇಳಿ ಹೋಗು."

ಅವಳು ತಿರುಗಿ ನೋಡಲಿಲ್ಲ.